ಕಾಫಿ ಕಣದಲ್ಲಿ ಮೂರು ದಿನ: ಹಳೆಯ ಮಾರುತಿಯ ಬುಷ್ ಬದಲಿಸಿದ ಅನುಭವ

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಸಂಜೆ ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆಗೆ ಇಳಿಯುತ್ತಿದ್ದಾಗ, ಬೋಯಿಕೇರಿಯ ತಿರುವೊಂದರಲ್ಲಿ ಬ್ರೇಕ್ ಒತ್ತಿದ ಕೂಡಲೇ ನಮ್ಮ ಮಾರುತಿ 800 ಎಡಕ್ಕೆ ಎಳೆಯಿತು. ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿ ಹಿಡಿದುಕೊಂಡದ್ದರಿಂದ ಕಾರು ರಸ್ತೆಯಲ್ಲೇ ಉಳಿಯಿತಾದರೂ, ಬ್ರೇಕ್ ಬಿಟ್ಟಾಗ ಮುಂದಿನ ಎಡಚಕ್ರದ ಬುಡದಿಂದ ಬಂದ ‘ದಡ್’ ಎಂಬ ಸದ್ದು ಮನೆ ತಲುಪುವವರೆಗೂ ನನ್ನ ಕಿವಿಯಲ್ಲೇ ಇತ್ತು. ಆ ಸದ್ದು ನನಗೆ ಹೊಸದಲ್ಲ. ಒಂದೂವರೆ ವರ್ಷದ ಹಿಂದೆ ಇದೇ ಸದ್ದು ಕೇಳಿಸಿದ್ದಕ್ಕಾಗಿಯೇ ಒಂದು ಗ್ಯಾರೇಜಿನಲ್ಲಿ, ಚಕ್ರ ಹಿಡಿಯುವ ತೋಳು, ಸರಳುಗಳ ಕೀಲಿನಲ್ಲಿ ಕೂರುವ ರಬ್ಬರಿನ ತುಂಡುಗಳಾದ ಮುಂಭಾಗದ ಬುಷ್‌ಗಳನ್ನೆಲ್ಲ ಬದಲಿಸಿದ್ದೆ. ಹೊಸ ರಬ್ಬರು ಒಂದೂವರೆ ವರ್ಷಕ್ಕೆ ಹಾಳಾಗುವುದೆಂದರೆ ರಬ್ಬರಿನ ದೋಷವೋ, ರಸ್ತೆಯ ದೋಷವೋ, ಕೂರಿಸಿದ ರೀತಿಯ ದೋಷವೋ ಎಂಬುದನ್ನು ಕಣ್ಣಾರೆ ನೋಡಿ ತಿಳಿಯದೆ ಮತ್ತೆ ಯಾರ ಕೈಗೂ ಕಾರು ಕೊಡಬಾರದೆಂದು ಅಂದೇ ತೀರ್ಮಾನಿಸಿದೆ.

ಈ ಕಾರು 2007ರಲ್ಲಿ ಅಪ್ಪ ಕೊಂಡದ್ದು. ಕೆಎ-12 ಸಂಖ್ಯೆಯ ಈ ಪುಟ್ಟ ಬಂಡಿ ತೋಟದ ಮಣ್ಣುದಾರಿ, ಸಂತೆ, ಆಸ್ಪತ್ರೆ, ಮದುವೆ ಎಲ್ಲವನ್ನೂ ಕಂಡಿದೆ. ಹದಿನೈದು ವರ್ಷ ತುಂಬಿದಾಗ ಇದನ್ನು ಮಾರುವ ಮಾತು ಬಂದಿತ್ತು. ಅಪ್ಪ ಒಪ್ಪದ ಕಾರಣ ಫಿಟ್ನೆಸ್ ಮಾಡಿಸಿ ಇಟ್ಟುಕೊಂಡೆವು. ಸುಮಾರು 650 ಕಿಲೊ ತೂಕದ, 12 ಇಂಚಿನ ಚಕ್ರಗಳ ಕಾರು ಇದು. ಚಕ್ರ ಚಿಕ್ಕದಾದಷ್ಟೂ ಗುಂಡಿಯೊಳಗೆ ಹೆಚ್ಚು ಇಳಿಯುತ್ತದೆ, ಹೊಡೆತವೂ ಹೆಚ್ಚು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಡಿಕೇರಿಯ ಸುತ್ತಮುತ್ತ ಡಾಂಬರು ಒಂದು ಮಳೆಗಾಲ ಕಳೆದರೆ ಯಾವ ಸ್ಥಿತಿಗೆ ಬರುತ್ತದೆಂಬುದನ್ನು ಇಲ್ಲಿ ಗಾಡಿ ಓಡಿಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಸದ್ದಿನ ಮೂಲವನ್ನು ಪತ್ತೆಹಚ್ಚಬೇಕಿತ್ತು. ಮುಂಭಾಗದ ಸದ್ದಿಗೆ ಬಾಲ್ ಜಾಯಿಂಟ್ (ಚಕ್ರದ ಕೆಳತುದಿಯನ್ನು ತೋಳಿಗೆ ಸೇರಿಸುವ ಗುಂಡು ಕೀಲು), ಸ್ಟಿಯರಿಂಗ್ ರಾಡಿನ ತುದಿ, ಮೇಲಿನ ಸ್ಟ್ರಟ್ ಮೌಂಟ್ ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಚಕ್ರವನ್ನು ನೆಲದಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಸಡಿಲು ಕಾಣಲಿಲ್ಲ; ಎಡಬಲ ಹಿಡಿದು ಅಲುಗಾಡಿಸಿದಾಗಲೂ ಇಲ್ಲ. ಆಮೇಲೆ ಕಾರನ್ನು ಇಳಿಸಿ, ತಮ್ಮನನ್ನು ಒಳಗೆ ಕೂರಿಸಿ, ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಮುಂದೆ ಹಿಂದೆ ಓಡಿಸಿ ಬ್ರೇಕ್ ಒತ್ತಿಸಿದೆ. ನಾನು ಪಕ್ಕದಲ್ಲಿ ನಿಂತು ಚಕ್ರವನ್ನು ನೋಡುತ್ತಿದ್ದೆ. ಬ್ರೇಕ್ ಹಿಡಿದಾಗಲೆಲ್ಲ ಎಡಚಕ್ರ ಮಡ್‌ಗಾರ್ಡಿನೊಳಗೆ ಬೆರಳ ದಪ್ಪದಷ್ಟು ಹಿಂದಕ್ಕೆ ಸರಿದು, ಬಿಟ್ಟಾಗ ಮುಂದಕ್ಕೆ ಮರಳುತ್ತಿತ್ತು. ಬಲಚಕ್ರ ಅಷ್ಟಾಗಿ ಸರಿಯುತ್ತಿರಲಿಲ್ಲ. ಬ್ರೇಕಿನಲ್ಲಿ ಕಾರು ಎಡಕ್ಕೆ ಏಕೆ ಎಳೆಯುತ್ತಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ.

ಇಲ್ಲಿ ಈ ಕಾರಿನ ಮುಂಭಾಗದ ರಚನೆಯನ್ನು ಸ್ವಲ್ಪ ಹೇಳಲೇಬೇಕು. ಚಕ್ರದ ಮೇಲ್ತುದಿಯನ್ನು ಸ್ಪ್ರಿಂಗ್ ಸಮೇತವಾದ ಸ್ಟ್ರಟ್ ಹಿಡಿದಿದ್ದರೆ, ಕೆಳತುದಿಯನ್ನು ಲೋಯರ್ ಆರ್ಮ್ ಎಂಬ ಉಕ್ಕಿನ ತೋಳು ಹಿಡಿದಿರುತ್ತದೆ. ಆ ತೋಳು ಕಾರಿನ ಚೌಕಟ್ಟಾದ ಚಾಸಿಗೆ ಸೇರುವುದು ಒಂದೇ ಒಂದು ಬೋಲ್ಟಿನಿಂದ, ಒಂದೇ ಒಂದು ಬುಷ್ ಮೂಲಕ. ಒಂದೇ ಕಡೆ ಸಿಕ್ಕಿಸಿದ ತೋಳು ಚಕ್ರವನ್ನು ಒಳಕ್ಕೆ ಹೊರಕ್ಕೆ ಸರಿಯದಂತೆ ತಡೆಯಬಲ್ಲದೇ ಹೊರತು ಹಿಂದೆ ಮುಂದೆ ಸರಿಯದಂತೆ ತಡೆಯಲಾರದು. ಆ ಕೆಲಸವನ್ನು ಮಾಡುವುದು ಎರಡೂ ತೋಳುಗಳ ನಡುವೆ ಮುಂಭಾಗದಲ್ಲಿ ಹಾದುಹೋಗುವ ಸ್ಟೆಬಿಲೈಜರ್ ಸರಳು. ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವುದರ ಜೊತೆಗೆ, ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೆ ಓಡದಂತೆ ಎಳೆದು ಹಿಡಿಯುವ ಹೊಣೆಯೂ ಇದೇ ಸರಳಿನದು. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರು 1940ರ ದಶಕದಲ್ಲಿ ಯೋಚಿಸಿದ ಮೂಲ ವಿನ್ಯಾಸದಲ್ಲಿಯೂ ಒಂದೇ ಸರಳು ಈ ಎರಡೂ ಕೆಲಸಗಳನ್ನು ಮಾಡುತ್ತಿತ್ತು. ಕಡಿಮೆ ಭಾಗಗಳಲ್ಲಿ ಹೆಚ್ಚು ಕೆಲಸ ತೆಗೆಯುವ ಆ ಜಾಣ್ಮೆ ನನಗೆ ಬಹಳ ಮೆಚ್ಚುಗೆಯದು. ಆದರೆ ಅದರ ಬೆಲೆಯೂ ಇದೆ: ಸರಳಿನ ತುದಿಯ ರಬ್ಬರು ಸವೆದರೆ ಬೇರೆ ಕಾರುಗಳಲ್ಲಿ ಬರೀ ಸದ್ದು ಬಂದೀತು, ಇದರಲ್ಲಿ ಚಕ್ರವೇ ಸ್ಥಾನ ಬಿಟ್ಟು ಸರಿಯುತ್ತದೆ.

ಹೀಗಾಗಿ ಬದಲಿಸಬೇಕಾದ ರಬ್ಬರುಗಳು ಮೂರು ಬಗೆಯವು. ತೋಳಿನ ಒಳತುದಿಯ ಬುಷ್ ಎರಡು. ಸರಳಿನ ತುದಿಗೆ ಹಿಂದೊಂದು ಮುಂದೊಂದರಂತೆ ಕೂರುವ ಬುಷ್ ನಾಲ್ಕು. ಸರಳನ್ನು ಚಾಸಿಗೆ ಹಿಡಿಯುವ ಪಟ್ಟಿಯೊಳಗಿನ, ಮೆಕ್ಯಾನಿಕ್‌ಗಳು ಡಿ ಬುಷ್ ಎನ್ನುವ ರಬ್ಬರು ಎರಡು. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿದ್ದರೂ ಬಿಡಿಭಾಗಗಳಿಗೆ ಕೊರತೆಯಿಲ್ಲ. ಕುಶಾಲನಗರದ ಅಂಗಡಿಯಲ್ಲಿ ಎಲ್ಲವೂ ಒಂದೇ ಸಲಕ್ಕೆ ಸಿಕ್ಕಿದವು, ಎಲ್ಲ ಸೇರಿ ಸಾವಿರ ರೂಪಾಯಿಯೂ ಆಗಲಿಲ್ಲ. ಅಗ್ಗದ ರಬ್ಬರೂ ಅಲ್ಲೇ ಇತ್ತು. ಉಗುರಿನಿಂದ ಒತ್ತಿದರೆ ಗುರುತು ಉಳಿಯುವಷ್ಟು ಮೆತ್ತಗಿದ್ದ ಅದನ್ನು ಬಿಟ್ಟು ಕಂಪನಿಯದನ್ನೇ ತಂದೆ. ಬಾಲ್ ಜಾಯಿಂಟಿನ ಬೋಲ್ಟು ನಟ್ಟು, ಸರಳಿನ ತುದಿಯ ನಟ್ಟು ಬಿಚ್ಚಿಹೋಗದಂತೆ ತೂರಿಸಿ ಮಡಚುವ ಸ್ಪ್ಲಿಟ್ ಪಿನ್ನುಗಳನ್ನೂ ಹೊಸದಾಗಿಯೇ ತಂದೆ, ಏಕೆಂದರೆ ಒಮ್ಮೆ ಮಡಚಿ ಬಿಡಿಸಿದ ಪಿನ್ನನ್ನು ಮತ್ತೆ ಮಡಚುವುದು ಪ್ರಾಣದ ಜೊತೆ ಆಡುವ ಆಟ.

ಕೆಲಸಕ್ಕೆ ಸಮತಟ್ಟಾದ ಗಟ್ಟಿ ನೆಲ ಬೇಕು. ಇಳಿಜಾರಿಲ್ಲದ ಜಾಗ ನಮ್ಮ ಕಡೆಯ ಮನೆಗಳಲ್ಲಿ ಸಿಗುವುದು ಒಂದೇ ಒಂದು, ಅದು ಕಾಫಿ ಒಣಗಿಸುವ ಕಣ. ಡಿಸೆಂಬರಿನಿಂದ ಕಾಫಿ ಹಣ್ಣು, ಆಮೇಲೆ ಕರಿಮೆಣಸು ಹರಡಿದ್ದ ಸಿಮೆಂಟಿನ ಕಣ ಏಪ್ರಿಲ್ ಕೊನೆಗೆ ಖಾಲಿಯಾಯಿತು. ಜೂನಿನ ಮಳೆ ಹಿಡಿಯುವುದರೊಳಗೆ ಮುಗಿಸಬೇಕೆಂದು ಒಂದು ಶುಕ್ರವಾರ ಬೆಳಿಗ್ಗೆ ಕಾರನ್ನು ಕಣದ ನಡುವೆ ನಿಲ್ಲಿಸಿದೆ. ಪಕ್ಕದ ತೋಟದ ಸುಬೇದಾರ್ ಮಾವ ಸೈನ್ಯದಲ್ಲಿ ವಾಹನ, ಯಂತ್ರಗಳನ್ನು ದುರಸ್ತಿ ಮಾಡುವ ಇ.ಎಂ.ಇ. ವಿಭಾಗದಲ್ಲಿದ್ದು ಇಪ್ಪತ್ತನಾಲ್ಕು ವರ್ಷ ಲಾರಿ, ಜೀಪುಗಳ ಕೆಳಗೆ ಮಲಗಿ ಕೆಲಸ ಮಾಡಿದವರು. ನಾನು ಕರೆಯುವ ಮೊದಲೇ ಬೇಲಿ ದಾಟಿ ಬಂದು, ಹಿಂದಿನ ಚಕ್ರಗಳಿಗೆ ಒತ್ತುಕೊಡಲು ಇಟ್ಟಿದ್ದ ಸಿಲ್ವರ್ ಓಕ್ ತುಂಡುಗಳನ್ನು ಕಾಲಿನಿಂದ ಆಚೆಗೆ ಸರಿಸಿದರು. “ಇದು ಸೀಳುತ್ತದೆ. ಹಲಸಿನದ್ದು ತಾ” ಎಂದರು. ತಂದೆ. ಜಾಕಿನಿಂದ ಮುಂಭಾಗವನ್ನು ಎತ್ತಿ, ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು, ಜಾಕನ್ನು ಇಳಿಸಿ, ಕಾರನ್ನು ಭುಜದಿಂದ ನೂಕಿ ಅಲುಗಾಡದೆಂದು ಖಚಿತಪಡಿಸಿಕೊಂಡು, ಬಿಚ್ಚಿದ ಎರಡು ಚಕ್ರಗಳನ್ನೂ ಬಾಗಿಲಿನ ಕೆಳಗಿನ ಅಂಚಿನ ಅಡಿಗೆ ತಳ್ಳಿಟ್ಟ ಮೇಲೆಯೇ ಅವರು ನನ್ನನ್ನು ಕೆಳಗೆ ಹೋಗಲು ಬಿಟ್ಟದ್ದು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬಾರದೆಂಬುದು ಅವರ ನಿಯಮ, ಈಗ ನನ್ನದೂ ಅದೇ. ಎರಡೂ ಚಕ್ರಗಳನ್ನು ಒಟ್ಟಿಗೆ ಎತ್ತುವುದಕ್ಕೆ ಇನ್ನೊಂದು ಕಾರಣವಿದೆ: ಒಂದೇ ಕಡೆ ಎತ್ತಿದರೆ ಸ್ಟೆಬಿಲೈಜರ್ ಸರಳು ತಿರುಚಿಕೊಂಡು ನಿಲ್ಲುತ್ತದೆ, ನಟ್ಟು ಬಿಚ್ಚುವಾಗ ಚಿಮ್ಮಿ ಕೈಗೆ ಬಡಿಯಬಹುದು.

ಸರಳಿನ ತುದಿಯ ನಟ್ಟುಗಳು, ಪಟ್ಟಿಯ ಬೋಲ್ಟುಗಳು ಹೆಚ್ಚು ಕಾಡಲಿಲ್ಲ. ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ತಂತಿ ಬ್ರಷ್‌ನಿಂದ ಬೋಲ್ಟುಗಳ ಮರೆಗಳ (ತಿರುಪಿನ ಗೀರುಗಳ) ಕೆಂಪು ಮಣ್ಣನ್ನು ಉಜ್ಜಿ ತೆಗೆದಿದ್ದೆ. ಬಾಲ್ ಜಾಯಿಂಟಿನ ಬೋಲ್ಟನ್ನು ಪೂರ್ತಿ ಹೊರಗೆಳೆದು, ತೋಳನ್ನು ಹಾರೆಯಿಂದ ಕೆಳಕ್ಕೆ ಮೀಟಿದಾಗ ಜಾಯಿಂಟು ಚಕ್ರದ ಹಬ್ (ನಡುಭಾಗ) ಕೂರುವ ನಕಲ್‌ನಿಂದ ಕಳಚಿಕೊಂಡಿತು. ಆ ಹೊತ್ತಿನಲ್ಲಿ ಹಬ್ಬನ್ನು ಹಗ್ಗದಿಂದ ಸ್ಟ್ರಟ್ಟಿನ ಕಡೆಗೆ ಕಟ್ಟಿಕೊಂಡಿರಬೇಕು. ಹಾಗೆಯೇ ಬಿಟ್ಟರೆ ಹಬ್ ಹೊರಕ್ಕೆ ವಾಲಿ, ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಕಳಚೀತು. ಬ್ರೇಕಿನ ಹೋಸ್ ಮೇಲೂ ಭಾರ ಬಿದ್ದೀತು.

ನಾನು ಹುಡುಕುತ್ತಿದ್ದ ಉತ್ತರ ಸಿಕ್ಕಿದ್ದು ಈ ಹಂತದಲ್ಲಿ. ಬಲಗಡೆಯ ತೋಳು ಈಗ ಚಕ್ರಕ್ಕೂ ಸೇರಿರಲಿಲ್ಲ, ಸರಳಿಗೂ ಸೇರಿರಲಿಲ್ಲ. ಒಳತುದಿಯ ಬೋಲ್ಟೊಂದೇ ಅದನ್ನು ಹಿಡಿದಿತ್ತು. ಕಾರು ನೆಲದ ಮೇಲೆ ನಿಂತಾಗ ಹೆಚ್ಚುಕಡಿಮೆ ಅಡ್ಡವಾಗಿರುವ ಆ ತೋಳು, ಬಿಡುಗಡೆಯಾದ ಮೇಲೂ ಕೆಳಮುಖವಾಗಿ, ಚಕ್ರ ಗಾಳಿಯಲ್ಲಿ ನೇತಾಡುವಾಗ ಇರುವ ಕೋನದಲ್ಲೇ ನಿಂತಿತ್ತು. ಕೈಯಿಂದ ಮೇಲಕ್ಕೆತ್ತಿದರೆ ರಬ್ಬರು ತಿರುಚಿಕೊಂಡು ಬಿಗಿಯುತ್ತಿತ್ತು, ಬಿಟ್ಟರೆ ತೋಳು ಮತ್ತೆ ಕೆಳಕ್ಕೆ ಹೋಗಿ ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಮಾವ ಎರಡು ಸಲ ಎತ್ತಿ ಬಿಟ್ಟು ನೋಡಿ, “ನೇತಾಡಿಸಿಯೇ ಟೈಟ್ ಮಾಡಿದ್ದಾರೆ” ಎಂದರು.

ಬುಷ್ ಎಂಬುದು ಬೇರಿಂಗಿನಂತೆ ಉರುಳುವ ಭಾಗವಲ್ಲ. ಅದರ ನಡುವೆ ಉಕ್ಕಿನ ಕೊಳವೆಯಿರುತ್ತದೆ, ಸುತ್ತ ರಬ್ಬರಿರುತ್ತದೆ. ಬೋಲ್ಟನ್ನು ಬಿಗಿದಾಗ ಒಳಗಿನ ಕೊಳವೆ ಚಾಸಿಯ ಬ್ರಾಕೆಟ್ಟಿನ ಎರಡು ಕೆನ್ನೆಗಳ ನಡುವೆ ಸಿಕ್ಕಿಕೊಂಡು ಅಲ್ಲಾಡದಂತಾಗುತ್ತದೆ. ರಬ್ಬರಿನ ಹೊರಮೈ ತೋಳಿನ ಕಣ್ಣಿನೊಳಗೆ ಬಿಗಿಯಾಗಿ ಕೂತಿರುತ್ತದೆ. ತೋಳು ಮೇಲೆ ಕೆಳಗೆ ಆಡುವುದೆಲ್ಲ ಈ ಎರಡರ ನಡುವಿನ ರಬ್ಬರು ತಿರುಚಿಕೊಳ್ಳುವುದರಿಂದಲೇ. ಆದ್ದರಿಂದ ಬೋಲ್ಟು ಬಿಗಿದ ಕ್ಷಣದಲ್ಲಿ ತೋಳು ಯಾವ ಕೋನದಲ್ಲಿತ್ತೋ ಅದೇ ರಬ್ಬರಿನ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಕಾರನ್ನು ಎತ್ತಿ, ಚಕ್ರ ನೇತಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ಇಳಿಸಿದ ಕ್ಷಣದಿಂದ ಆ ರಬ್ಬರು ತಿರುಚಿಕೊಂಡೇ ಇರುತ್ತದೆ: ಶೆಡ್ಡಿನಲ್ಲಿ ನಿಂತಿದ್ದರೂ, ರಾತ್ರಿಯಿಡೀ. ಅದರ ಮೇಲೆ ಗುಂಡಿಯ ಹೊಡೆತ ಬಿದ್ದಾಗ ಇನ್ನಷ್ಟು ತಿರುಚಿ ಹರಿಯುತ್ತದೆ. ಹೊರಗೆ ತೆಗೆದ ಎಡಬುಷ್ಷನ್ನು ಅಂಗೈಯಲ್ಲಿಟ್ಟು ನೋಡಿದೆ. ಸವೆದ ರಬ್ಬರಿನಲ್ಲಿ ಕಾಣುವ ಸಣ್ಣ ಸಣ್ಣ ಬಿರುಕುಗಳ ಬಲೆ ಅದರಲ್ಲಿರಲಿಲ್ಲ. ಹಿಂಡಿದ ಬಟ್ಟೆಯ ಮಡಿಕೆಯಂತೆ ಒಂದೇ ದಿಕ್ಕಿಗೆ ಓರೆಯಾಗಿ ಸುತ್ತಿಹೋದ ಒಂದು ಸೀಳಿತ್ತು, ಸೀಳಿನೊಳಗೆ ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು. ರಬ್ಬರು ಇನ್ನೂ ಕಪ್ಪಗೆ, ಜೀವವಿರುವಂತೆಯೇ ಇತ್ತು. ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಹಣ ಹೋದದ್ದಕ್ಕಿಂತ ಹೆಚ್ಚಾಗಿ, ಐದು ನಿಮಿಷದ ತಾಳ್ಮೆಯಿಂದ ಉಳಿಯಬಹುದಾಗಿದ್ದ ಒಂದು ಒಳ್ಳೆಯ ವಸ್ತು ಹಾಳಾಯಿತಲ್ಲ ಎಂಬ ಸಂಕಟ. ಬೋಯಿಕೇರಿಯ ಆ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದಿದ್ದರೆ ಎಂದು ಯೋಚಿಸಿದಾಗ ಸಿಟ್ಟೂ ಬಂತು.

ಎಡಬುಷ್ಷನ್ನು ಹೊರಗೆ ತೆಗೆಯುವುದೇನೂ ಸುಲಭವಾಗಿರಲಿಲ್ಲ. ಒಳತುದಿಯ ಬೋಲ್ಟು ಬುಷ್ಷಿನ ಕೊಳವೆಯೊಳಗೆ ತುಕ್ಕಿನಿಂದ ಅಂಟಿಕೊಂಡಿತ್ತು. ನಟ್ಟು ಬಿಚ್ಚಿತು, ಆದರೆ ಬೋಲ್ಟಿನ ತಲೆಯನ್ನು ತಿರುಗಿಸಿದರೆ ಕೊಳವೆಯೂ ಜೊತೆಗೇ ತಿರುಗುತ್ತಿತ್ತು, ಹರಿದ ರಬ್ಬರು ಅದಕ್ಕೆ ಅನುಕೂಲ ಮಾಡಿಕೊಟ್ಟಿತ್ತು. ಗ್ಯಾಸ್ ಬೆಂಕಿ ಹಿಡಿದು ಕಾಯಿಸುವ ಯೋಚನೆ ನನಗೆ ಬಂದರೂ ಮಾವ ತಲೆಯಾಡಿಸಿದರು. ಪಕ್ಕದಲ್ಲಿ ಜಾಯಿಂಟುಗಳನ್ನು ಮುಚ್ಚುವ ರಬ್ಬರಿನ ಬೂಟುಗಳಿವೆ, ಎಣ್ಣೆ ಸಿಂಪಡಿಸಿದ್ದೇವೆ, ಬೆಂಕಿಯ ಮಾತು ಬೇಡ ಎಂದರು. ಬೋಲ್ಟಿನ ತುದಿಗೆ ಹಳೆಯ ನಟ್ಟನ್ನು ಮರೆ ಕೆಡದಂತೆ ಅಂಚಿನವರೆಗೆ ತಿರುಗಿಸಿಟ್ಟು, ಹಿತ್ತಾಳೆಯ ತುಂಡಿಟ್ಟು ಸುತ್ತಿಗೆಯಿಂದ ಹೊಡೆದೆವು. ಜಗ್ಗಲಿಲ್ಲ. ಸಂಜೆ ಮತ್ತೆ ಎಣ್ಣೆ ಹಾಕಿ ಬಿಟ್ಟು, ಶನಿವಾರ ಬೆಳಿಗ್ಗೆ ಬಂದು, ಉದ್ದನೆಯ ಹಿಡಿಕೆಯಿಂದ ಒಂದಿಷ್ಟು ಮುಂದೆ ಒಂದಿಷ್ಟು ಹಿಂದೆ ತಿರುಗಿಸುತ್ತ ಮುಕ್ಕಾಲು ಗಂಟೆ ಕಳೆದ ಮೇಲೆ ‘ಕಿರ್’ ಎಂಬ ಸಣ್ಣ ಸದ್ದಿನೊಂದಿಗೆ ಕೊಳವೆ ಬೋಲ್ಟನ್ನು ಬಿಟ್ಟಿತು. ಕಳೆದ ಸಲ ಬೋಲ್ಟಿನ ನುಣುಪು ಭಾಗಕ್ಕೆ ತೆಳ್ಳಗೆ ಗ್ರೀಸ್ ಸವರಿದ್ದರೆ ಈ ಒಂದು ದಿನ ಉಳಿಯುತ್ತಿತ್ತು.

ತೋಳುಗಳನ್ನು ವೈಸ್‌ಗೆ ಸಿಕ್ಕಿಸಿ, ಬುಷ್ಷಿನ ಒಂದು ಬದಿಯ ರಬ್ಬರಿನ ಅಂಚನ್ನು ಚಾಕುವಿನಿಂದ ಕತ್ತರಿಸಿದೆವು. ನಮ್ಮಲ್ಲಿ ಬುಷ್ಷನ್ನು ಒತ್ತಿ ತೆಗೆಯುವ, ಕೂರಿಸುವ ಪ್ರೆಸ್ ಇರಲಿಲ್ಲವಾದ್ದರಿಂದ ಉದ್ದನೆಯ 12 ಮಿಲಿಮೀಟರ್ ಬೋಲ್ಟು, ದಪ್ಪ ವಾಷರುಗಳು, ತೋಳಿನ ಕಣ್ಣಿಗಿಂತ ದೊಡ್ಡದಾದ ಒಂದು ಕಬ್ಬಿಣದ ಕೊಳವೆಯ ತುಂಡು, ಕಣ್ಣಿಗಿಂತ ತುಸು ಚಿಕ್ಕದಾದ ಒಂದು ಸಾಕೆಟ್ಟು ಇಷ್ಟರಿಂದಲೇ ಪ್ರೆಸ್ ಮಾಡಿಕೊಂಡೆವು. ನಟ್ಟು ತಿರುಗಿಸಿದಂತೆ ಸಾಕೆಟ್ಟು ಹಳೆಯ ಬುಷ್ಷನ್ನು ಕೊಳವೆಯೊಳಕ್ಕೆ ತಳ್ಳುತ್ತದೆ. ಕಣ್ಣಿನ ಒಳಮೈಯ ತುಕ್ಕನ್ನು ನಯವಾದ ಮರಳು ಕಾಗದದಿಂದ ತೆಗೆದು, ಬಟ್ಟೆ ಒಗೆಯುವ ಸಾಬೂನಿನ ದಪ್ಪ ನೀರನ್ನು ಹೊಸ ಬುಷ್ಷಿಗೆ ಹಚ್ಚಿ, ಅದೇ ರೀತಿಯಲ್ಲಿ ಒಳಕ್ಕೆ ಎಳೆದೆವು. ಈ ಜಾಗದಲ್ಲಿ ಎಂಜಿನ್ ಆಯಿಲಾಗಲಿ ಸಾಮಾನ್ಯ ಗ್ರೀಸಾಗಲಿ ಬಳಸಬಾರದು, ಪೆಟ್ರೋಲಿಯಂ ಎಣ್ಣೆ ತಗುಲಿದ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ಸಾಬೂನಿನ ನೀರಾದರೆ ಒಣಗಿ ಹೋಗುತ್ತದೆ, ರಬ್ಬರು ಹಿಡಿತ ಕಚ್ಚುತ್ತದೆ. ಬುಷ್ ಎರಡೂ ಬದಿಗೆ ಒಂದೇ ಸಮನಾಗಿ ಹೊರಚಾಚಿರಬೇಕು. ಮೊದಲ ಸಲ ಒಂದು ಬದಿಗೆ ಮೂರು ಮಿಲಿಮೀಟರ್ ಹೆಚ್ಚಾಗಿ ಬಂತು, ತಿರುಗಿಸಿಟ್ಟು ಹಿಂದಕ್ಕೆ ತಳ್ಳಿ ಸರಿಮಾಡಿದೆವು.

ಜೋಡಣೆ ಬಿಚ್ಚಿದ್ದರ ತಿರುವುಮುರುವು, ಅದನ್ನು ಬಿಡಿಸಿ ಹೇಳುವುದಿಲ್ಲ. ಸರಳಿನ ತುದಿಯ ವಾಷರುಗಳ ತಗ್ಗು ಮೈ ಯಾವ ಕಡೆಗಿತ್ತೆಂದು ಬಿಚ್ಚುವ ಮೊದಲೇ ಫೋನಿನಲ್ಲಿ ಚಿತ್ರ ತೆಗೆದಿಟ್ಟದ್ದು ಮಾತ್ರ ಬಹಳ ಉಪಕಾರಕ್ಕೆ ಬಂತು. ಬಾಲ್ ಜಾಯಿಂಟಿನ ಬೋಲ್ಟನ್ನು ಆಗಲೇ ಪೂರ್ತಿ ಬಿಗಿದೆವು, ಅದು ರಬ್ಬರಿನ ಮೂಲಕ ಹಾದುಹೋಗುವುದಿಲ್ಲ. ತೋಳಿನ ಒಳಬೋಲ್ಟು, ಸರಳಿನ ತುದಿಯ ನಟ್ಟು, ಪಟ್ಟಿಯ ಬೋಲ್ಟುಗಳನ್ನು ಕೈಯಿಂದ ಎಷ್ಟು ತಿರುಗಿತೋ ಅಷ್ಟಕ್ಕೇ ಬಿಟ್ಟೆವು.

ಭಾನುವಾರ ಬೆಳಿಗ್ಗೆ ಮಾಡಿದ ಕೆಲಸವೇ ಇಡೀ ಕಥೆಯ ತಿರುಳು. ಚಕ್ರಗಳನ್ನು ಹಾಕಿ, ಮುಂದಿನ ಎರಡು ಚಕ್ರಗಳ ಅಡಿಗೂ ಹಿಂದಿನ ಎರಡು ಚಕ್ರಗಳ ಅಡಿಗೂ ಒಂದೇ ದಪ್ಪದ ಅಗಲವಾದ ಹಲಸಿನ ಹಲಗೆಗಳನ್ನು ಇಟ್ಟು, ಕಾರನ್ನು ಅವುಗಳ ಮೇಲೆ ಇಳಿಸಿದೆವು. ಹೀಗೆ ಕಾರಿನ ಪೂರ್ತಿ ಭಾರ ಚಕ್ರಗಳ ಮೇಲಿತ್ತು, ಕೆಳಗೆ ಕೈ ಆಡಿಸಲು ಜಾಗವೂ ಸಿಕ್ಕಿತು. ಕೈಬ್ರೇಕ್ ಹಾಕಿ, ಹಲಗೆಗಳ ಎರಡೂ ಬದಿಗೆ ಒತ್ತುಗಳನ್ನು ಕೊಟ್ಟು, ಸ್ಟ್ಯಾಂಡುಗಳನ್ನೂ ಒಂದು ಅಂಗುಲ ಬಿಟ್ಟು ಕೆಳಗೇ ನಿಲ್ಲಿಸಿದ್ದೆವು. ಬಾನೆಟ್ಟಿನ ಅಂಚನ್ನು ಹಿಡಿದು ಹತ್ತಾರು ಸಲ ಕೆಳಕ್ಕೆ ಒತ್ತಿ ಬಿಟ್ಟಾಗ ಸ್ಪ್ರಿಂಗುಗಳು ತಮ್ಮ ಸಹಜ ಎತ್ತರಕ್ಕೆ ಬಂದು ನಿಂತವು. ಅನಂತರವೇ ನಾನು ಕೆಳಗೆ ಮಲಗಿ, ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿತಕ್ಕೆ ಮೊದಲು ಪಟ್ಟಿಗಳನ್ನು, ಆಮೇಲೆ ಸರಳಿನ ತುದಿಗಳನ್ನು, ಕೊನೆಯಲ್ಲಿ ಒಳಬೋಲ್ಟುಗಳನ್ನು ಬಿಗಿದೆ. ರೆಂಚು ‘ಟಕ್’ ಎಂದಾಗ ಅಡ್ಡವಾಗಿ, ನಿರಾಳವಾಗಿ ಕೂತಿದ್ದ ತೋಳನ್ನೂ ಸುಕ್ಕಿಲ್ಲದ ರಬ್ಬರನ್ನೂ ಟಾರ್ಚಿನ ಬೆಳಕಿನಲ್ಲಿ ಒಂದು ನಿಮಿಷ ನೋಡುತ್ತ ಮಲಗಿದ್ದೆ. ಸ್ಪ್ಲಿಟ್ ಪಿನ್ನುಗಳನ್ನು ಮಡಚಿದ ಮೇಲೆ ಮಾವ ಬಿಳಿ ಪೇಂಟಿನ ಸಣ್ಣ ಡಬ್ಬಿ ಕೊಟ್ಟು, ಪ್ರತಿಯೊಂದು ನಟ್ಟಿನಿಂದ ಪಕ್ಕದ ಲೋಹದವರೆಗೆ ಒಂದೊಂದು ಗೆರೆ ಎಳೆಸಿದರು. ನಟ್ಟು ಸಡಿಲವಾದರೆ ಗೆರೆ ಮುರಿಯುತ್ತದೆ, ಪಾನಾ ಹಾಕದೆಯೇ ತಿಳಿಯುತ್ತದೆ.

ಸೋಮವಾರ ಕುಶಾಲನಗರಕ್ಕೆ ನಿಧಾನವಾಗಿ ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ತೋಳಿನ ಸ್ಥಾನ ಸರಿಹೋದ ಮೇಲೆ ಚಕ್ರಗಳ ಮುಖ ತುಸು ಬದಲಾಗಿಯೇ ಇರುತ್ತದೆ, ಹಾಗೆಯೇ ಓಡಿಸಿದರೆ ಟೈರು ಒಂದು ಬದಿ ತಿನ್ನುತ್ತದೆ. ಮರಳುವಾಗ ಮನೆಯ ತಿರುವನ್ನು ದಾಟಿ ಮಡಿಕೇರಿಯವರೆಗೂ ಹತ್ತಿದೆ, ಬೋಯಿಕೇರಿಯ ಅದೇ ತಿರುವಿನಲ್ಲಿ ಇಳಿಯುತ್ತ ಬ್ರೇಕ್ ಒತ್ತಿ ನೋಡಬೇಕೆಂಬುದೇ ಅದರ ಉದ್ದೇಶ. ಹಿಂದೆ ಮುಂದೆ ಬೇರೆ ವಾಹನವಿಲ್ಲದ ಹೊತ್ತು ನೋಡಿ ಒತ್ತಿದೆ. ಕಾರು ಗೆರೆ ಎಳೆದಂತೆ ನೇರವಾಗಿ ನಿಧಾನಿಸಿತು, ಸ್ಟಿಯರಿಂಗ್ ಕೈಯಲ್ಲಿ ಅಲುಗಲಿಲ್ಲ. ಮನೆಯ ಮಣ್ಣುದಾರಿಯ ಮೋರಿಯ ಮೇಲೆ ಇಳಿದಾಗ ಕೇಳಿಸಿದ್ದು ಡ್ಯಾಶ್‌ಬೋರ್ಡಿನ ಹಳೆಯ ಕಿರಿಕಿರಿ ಮಾತ್ರ.

ಇನ್ನೂರು ಕಿಲೊಮೀಟರ್ ಓಡಿದ ಮೇಲೆ ಒಮ್ಮೆ, ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ಇನ್ನೊಮ್ಮೆ ಕೆಳಗೆ ಇಣುಕಿದೆ. ಅಕ್ಟೋಬರಿನಲ್ಲಿ ತೋಳುಗಳ ಮೇಲೆ ಕೆಸರು ಒಣಗಿ ಹೆಪ್ಪುಗಟ್ಟಿತ್ತು. ಒದ್ದೆ ಬಟ್ಟೆಯಿಂದ ಒರೆಸಿದಾಗ ಬಿಳಿ ಗೆರೆಗಳು ಎಂಟೂ ಮುರಿಯದೆ ನೇರವಾಗಿದ್ದವು, ಬುಷ್ಷುಗಳ ಅಂಚಿನಲ್ಲಿ ಸೀಳಿರಲಿಲ್ಲ. ಎಡಗಡೆಯ ಹಳೆಯ ಬುಷ್ಷನ್ನು ಸುಬೇದಾರ್ ಮಾವ ತಮ್ಮ ಶೆಡ್ಡಿನ ಕಿಟಕಿಯಲ್ಲಿ ಇಟ್ಟುಕೊಂಡಿದ್ದಾರೆ. ಜೀಪಿನ ಕೆಲಸಕ್ಕೆಂದು ಬರುವ ಹುಡುಗರಿಗೆ ಆ ಓರೆ ಸೀಳನ್ನು ತೋರಿಸುತ್ತಾರೆ.